ಶೋಧದ ಜೊತೆಗೇ ಅದರ ಅನುಮಾನವನ್ನೂ ಅಚ್ಚು ಮಾಡಿ: ವಿಜ್ಞಾನ ಸುದ್ದಿಯ ಸಂಪಾದಕರಿಗೆ ಬಹಿರಂಗ ಪತ್ರ

ಮಾನ್ಯ ಸಂಪಾದಕರೇ, ವರದಿಗಾರರೇ, ಸಂಶೋಧನಾ ಸಂಸ್ಥೆಗಳ ಪ್ರಕಟಣಾ ವಿಭಾಗದವರೇ,

ಹೊಸ ಶೋಧದ ಬಗ್ಗೆ ನೀವು ಕೊಡುವ ಪ್ರತಿ ಸುದ್ದಿಯಲ್ಲೂ ನಾಲ್ಕು ಪ್ರಶ್ನೆಗಳಿಗೆ ಉತ್ತರ ಇರಬೇಕೆಂದು ಕೇಳಿಕೊಳ್ಳಲು ಈ ಪತ್ರ. ಉಪಕರಣ ನಿಜವಾಗಿ ಅಳೆದದ್ದು ಏನನ್ನು? ಆ ಅಳತೆಯ ದೋಷಮಿತಿ ಎಷ್ಟು? ಅದೇ ಅಳತೆ ಬೇರೆ ಯಾವ ಕಾರಣದಿಂದ ಬರಬಹುದು? ಬೇರೊಂದು ತಂಡ ಬೇರೊಂದು ಉಪಕರಣದಿಂದ ಅದನ್ನು ಕಂಡಿದೆಯೇ? ಇಷ್ಟಕ್ಕೂ ಸೇರಿ ನಾಲ್ಕು ಸಾಲು ಸಾಕು. ಜಾಗ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಆ ನಾಲ್ಕು ಸಾಲುಗಳಿಗೇ ಎಂಬುದು ನಮ್ಮ ದೂರು. ಅವು ಹೋದರೆ ಓದುಗರ ಕೈಗೆ ಸಿಗುವುದು ಶೋಧವಲ್ಲ, ಶೋಧದ ಜಾಹೀರಾತು.

ಕೆ2-18ಬಿ ಎಂಬ ಹೊರಗ್ರಹವನ್ನೇ ತೆಗೆದುಕೊಳ್ಳಿ. ನಮ್ಮಿಂದ ಸುಮಾರು 124 ಜ್ಯೋತಿರ್ವರ್ಷ ದೂರ, ಭೂಮಿಯ 8.6 ಪಟ್ಟು ರಾಶಿ, 2.6 ಪಟ್ಟು ತ್ರಿಜ್ಯ. 2025ರ ಏಪ್ರಿಲ್‌ನಲ್ಲಿ ಅದರ ವಾತಾವರಣದಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಡೈಮೀಥೈಲ್ ಡೈಸಲ್ಫೈಡ್ ಇರುವ ಸುಳಿವು ಸಿಕ್ಕಿದೆ ಎಂದು ಜೇಮ್ಸ್ ವೆಬ್ ದೂರದರ್ಶಕದ ಮಾಹಿತಿ ಬಳಸಿದ ತಂಡವೊಂದು ಪ್ರಕಟಿಸಿತು. ಭೂಮಿಯಲ್ಲಿ ಈ ಅನಿಲಗಳ ಮುಖ್ಯ ಮೂಲ ಕಡಲಿನ ಸೂಕ್ಷ್ಮಜೀವಿಗಳು. ಆದ್ದರಿಂದ ಶೀರ್ಷಿಕೆಗಳು ನೇರವಾಗಿ ಜೀವಕ್ಕೇ ಹಾರಿದವು.

ಅಳೆದದ್ದು ಏನು? ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ಸಾವಿರಕ್ಕೆ ಮೂರು ಪಾಲಿನಷ್ಟು ಕುಗ್ಗುತ್ತದೆ. ಗ್ರಹದ ಅಂಚಿನಲ್ಲಿರುವ ತೆಳು ವಾತಾವರಣ ಕೆಲವು ತರಂಗಾಂತರಗಳನ್ನು ಹೆಚ್ಚು ಹೀರುವುದರಿಂದ ಆ ಕುಗ್ಗುವಿಕೆ ತರಂಗಾಂತರಕ್ಕೆ ತಕ್ಕಂತೆ ಹತ್ತು ಸಾವಿರಕ್ಕೆ ಒಂದೆರಡು ಪಾಲಿನಷ್ಟು ಏರಿಳಿಯುತ್ತದೆ. ಆ ಏರಿಳಿತದ ರೇಖೆಯ ಮೇಲೆ ಬೇರೆ ಬೇರೆ ಅಣುಗಳ ಲೆಕ್ಕ ಹಾಕಿದ ರೋಹಿತಗಳನ್ನು (ಯಾವ ತರಂಗಾಂತರವನ್ನು ಎಷ್ಟು ಹೀರುತ್ತವೆ ಎಂಬ ರೇಖೆಗಳನ್ನು) ಕೂರಿಸಿ, ಯಾವುದು ಚೆನ್ನಾಗಿ ಹೊಂದುತ್ತದೆ ಎಂದು ನೋಡುತ್ತಾರೆ. ಇಲ್ಲಿ ಹೊಂದಾಣಿಕೆಯ ಬಲ 3 ಸಿಗ್ಮಾ. ಅಂದರೆ ಆ ಅಣುಗಳು ಇಲ್ಲದೆಯೂ ಬರೀ ಯಾದೃಚ್ಛಿಕ ಏರಿಳಿತದಿಂದಲೇ ಇಂಥ ರೇಖೆ ಮೂಡುವ ಸಾಧ್ಯತೆ ಸಾವಿರಕ್ಕೆ ಮೂರು. ಇದನ್ನು ‘ಜೀವ ಇರುವ ಸಾಧ್ಯತೆ ಶೇ 99.7’ ಎಂದು ತಿರುಗಿಸಿ ಬರೆದರೆ ಅದು ತಪ್ಪು. ಆ ಸಂಖ್ಯೆ ಜೀವದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಣುವಿನ ಬಗ್ಗೆ ಹೇಳುವುದೂ ಷರತ್ತಿನೊಂದಿಗೆ: ಹೋಲಿಕೆಗೆ ಇಟ್ಟುಕೊಂಡ ಅಣುಗಳ ಪಟ್ಟಿ ಪೂರ್ಣವಾಗಿದ್ದರೆ ಮಾತ್ರ.

ಪಟ್ಟಿ ಪೂರ್ಣವಾಗಿರಲಿಲ್ಲ ಎಂಬುದೇ ಬೇರೆ ತಂಡಗಳ ಆಕ್ಷೇಪ. ಇನ್ನಷ್ಟು ಅಣುಗಳನ್ನು ಸೇರಿಸಿದಾಗ ಬೇರೆ ಹಲವೂ ಅಷ್ಟೇ ಚೆನ್ನಾಗಿ ಹೊಂದಿದವು. ಅದೇ ಮಾಹಿತಿಗೆ ಉಬ್ಬುತಗ್ಗುಗಳಿಲ್ಲದ ಸಪಾಟು ರೇಖೆಯೂ ಸಾಕು ಎಂದು ಮತ್ತೊಂದು ವಿಶ್ಲೇಷಣೆ ತೋರಿಸಿತು. ಅಣು ಇದೆ ಎಂದೇ ಒಪ್ಪಿದರೂ ದಾರಿ ಮುಗಿಯುವುದಿಲ್ಲ. 67ಪಿ ಧೂಮಕೇತುವಿನಲ್ಲಿ ಡೈಮೀಥೈಲ್ ಸಲ್ಫೈಡ್ ಸಿಕ್ಕಿದೆ, ಅಲ್ಲಿ ಜೀವಿಗಳಿಲ್ಲ. ಪ್ರಯೋಗಾಲಯದಲ್ಲಿ ಅನಿಲ ಮಿಶ್ರಣದ ಮೇಲೆ ನೇರಳಾತೀತ ಬೆಳಕು ಹಾಯಿಸಿಯೂ ಅದನ್ನು ಪಡೆದಿದ್ದಾರೆ. ಗ್ರಹದ ಮೇಲೆ ಕಡಲಿದೆಯೋ, ಅದು ಬರೀ ದಟ್ಟ ಅನಿಲದ ಕಿರಿಯ ನೆಪ್ಚೂನೋ ಎಂಬುದೂ ತೀರ್ಮಾನವಾಗಿಲ್ಲ. ಗ್ರಹ ನಕ್ಷತ್ರದ ಮುಂದೆ ಹಾಯುವುದು 33 ದಿನಕ್ಕೊಮ್ಮೆ, ಆದ್ದರಿಂದ ಮರುಪರೀಕ್ಷೆ ವಾರದೊಳಗೆ ಮುಗಿಯುವ ಕೆಲಸವೂ ಅಲ್ಲ. ಈ ಎಲ್ಲವೂ ಸೇರಿದರೆ ಸುದ್ದಿ ಸಪ್ಪೆಯಾಗುತ್ತದೆ ಎಂಬ ಭಯ ನಿಮಗಿರಬಹುದು. ನಮ್ಮ ಅನಿಸಿಕೆ ಬೇರೆ. 124 ಜ್ಯೋತಿರ್ವರ್ಷ ದೂರದ ಅಂಚುಗಾಳಿಯಲ್ಲಿ ಯಾವ ಅನಿಲವಿದೆ ಎಂದು ಜನ ಜಗಳವಾಡುವ ಮಟ್ಟಕ್ಕೆ ನಾವು ಬಂದಿದ್ದೇವೆ, ಆ ಜಗಳವೇ ಸುದ್ದಿ. ಓದುಗರಿಗೆ ಅದನ್ನು ಕೊಡಿ.

ಸಿಗ್ಮಾ ಬಗ್ಗೆ ಇನ್ನೊಂದು ಮಾತು. ಕಣ ಭೌತಶಾಸ್ತ್ರದಲ್ಲಿ 5 ಸಿಗ್ಮಾ ದಾಟಿದರೆ ಮಾತ್ರ ಶೋಧ ಎನ್ನುತ್ತಾರೆ. ಆಕಸ್ಮಿಕವಾಗಿ ಅಷ್ಟು ದೊಡ್ಡ ಏರಿಕೆ ಬರುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದು. ಆದರೆ ಈ ಲೆಕ್ಕ ಆಕಸ್ಮಿಕದಿಂದ ಮಾತ್ರ ರಕ್ಷಣೆ ಕೊಡುತ್ತದೆ, ಸಡಿಲವಾದ ಕೇಬಲ್‌ನಿಂದ ಅಲ್ಲ. 2011ರ ಸೆಪ್ಟೆಂಬರಿನಲ್ಲಿ ಒಪೆರಾ ಪ್ರಯೋಗ, ಜಿನೀವಾದ ಸರ್ನ್ ಪ್ರಯೋಗಾಲಯದಿಂದ 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೊಗೆ ಹೊರಟ ನ್ಯೂಟ್ರಿನೊ ಎಂಬ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ತಲುಪಿದವು ಎಂದು ಹೇಳಿದಾಗ ಅದರ ಬಲ 6 ಸಿಗ್ಮಾ ಇತ್ತು. ಜಿಪಿಎಸ್ ಸಂಕೇತವನ್ನು ಗಡಿಯಾರಕ್ಕೆ ತರುವ ಆಪ್ಟಿಕಲ್ ಫೈಬರಿನ ಕೊಂಡಿ ಸರಿಯಾಗಿ ಕೂತಿರಲಿಲ್ಲ. ಅದರಿಂದ ಎಷ್ಟು ಬಾರಿ ಅಳೆದರೂ ಅದೇ ತಪ್ಪು, ಅದೇ ದಿಕ್ಕಿನಲ್ಲಿ. ಇಂಥ ದೋಷಕ್ಕೆ ವ್ಯವಸ್ಥಿತ ದೋಷ ಎಂದು ಹೆಸರು. ಹೆಚ್ಚು ಮಾಹಿತಿ ಸೇರಿಸಿದಷ್ಟೂ ಯಾದೃಚ್ಛಿಕ ದೋಷ ಕರಗುತ್ತದೆ, ವ್ಯವಸ್ಥಿತ ದೋಷ ಕರಗುವುದಿಲ್ಲ, ಬದಲಿಗೆ ಸಿಗ್ಮಾವನ್ನು ಸುಳ್ಳೇ ಉಬ್ಬಿಸುತ್ತದೆ. ಅದೇ ಗ್ರಾನ್ ಸಾಸೊದಲ್ಲಿದ್ದ ಇಕಾರಸ್ ಎಂಬ ಬೇರೆ ಪ್ರಯೋಗ 2012ರಲ್ಲಿ ಬೆಳಕಿನ ವೇಗವನ್ನೇ ಕಂಡಿತು.

2014ರ ಮಾರ್ಚ್‌ನಲ್ಲಿ ದಕ್ಷಿಣ ಧ್ರುವದ ಬೈಸೆಪ್2 ದೂರದರ್ಶಕದ ಪ್ರಕಟಣೆಗೂ 5 ಸಿಗ್ಮಾ ಮೀರಿದ ಬಲವಿತ್ತು. ಅದು ಕಂಡ ಸಂಕೇತ ನಿಜ, ಕಾರಣ ಮಾತ್ರ ಬೇರೆ. ವಿಶ್ವದ ಹುಟ್ಟಿನ ಗುರುತ್ವ ಅಲೆಗಳ ಗುರುತು ಎಂದುಕೊಂಡದ್ದು ನಮ್ಮ ಗೆಲಾಕ್ಸಿಯ ಧೂಳಿನ ಹೊಳಪಾಗಿತ್ತು. ಒಂದೇ ಆವರ್ತನದಲ್ಲಿ, 150 ಗಿಗಾಹರ್ಟ್ಸ್‌ನಲ್ಲಿ, ನೋಡಿದರೆ ಧೂಳನ್ನೂ ವಿಶ್ವದ ಆರಂಭದಿಂದ ಉಳಿದು ಬಂದ ಪ್ರಾಚೀನ ಬೆಳಕನ್ನೂ ಬೇರ್ಪಡಿಸಲಾಗದು. ಧೂಳು ಹೆಚ್ಚು ಹೊಳೆಯುವ 353 ಗಿಗಾಹರ್ಟ್ಸ್‌ನ ಪ್ಲಾಂಕ್ ಉಪಗ್ರಹದ ನಕ್ಷೆಯೊಡನೆ ಸೇರಿಸಿ ನೋಡಿದಾಗ, 2015ರ ಆರಂಭದಲ್ಲಿ, ಹೇಳಿಕೆ ನಿಲ್ಲಲಿಲ್ಲ.

2022ರ ಏಪ್ರಿಲ್‌ನಲ್ಲಿ ಅಮೆರಿಕದ ಸಿಡಿಎಫ್ ಕಣ ಪ್ರಯೋಗದ ತಂಡ, ದುರ್ಬಲ ಬಲವನ್ನು ಹೊರುವ ಡಬ್ಲ್ಯೂ ಬೋಸಾನ್ ಎಂಬ ಕಣದ ರಾಶಿ 80,433.5 ಮೆಗಾಎಲೆಕ್ಟ್ರಾನ್‌ವೋಲ್ಟ್, ದೋಷಮಿತಿ 9.4 ಎಂದಿತು. ಸಿದ್ಧಾಂತದ ನಿರೀಕ್ಷೆ ಸುಮಾರು 80,357. ವ್ಯತ್ಯಾಸ 7 ಸಿಗ್ಮಾ! 2024ರಲ್ಲಿ ಸಿಎಮ್‌ಎಸ್ ಪ್ರಯೋಗದ ಅಳತೆ 80,360.2, ದೋಷಮಿತಿ 9.9. ಎರಡು ತಂಡಗಳ ದೋಷಮಿತಿ ಬಹುತೇಕ ಒಂದೇ, ಉತ್ತರ ಮಾತ್ರ ಬೇರೆ. ಇಬ್ಬರಲ್ಲಿ ಒಬ್ಬರ ಲೆಕ್ಕದಲ್ಲಿ ಗುರುತಿಸದ ವ್ಯವಸ್ಥಿತ ದೋಷವಿದೆ ಎಂಬುದು ಇದರಿಂದ ಕಾಣುತ್ತದೆ. ಮೊದಲ ಸಂಖ್ಯೆಗೆ ಸಿಕ್ಕಷ್ಟು ಜಾಗ ಎರಡನೆಯದಕ್ಕೂ ಸಿಗಬೇಕಿತ್ತು.

ದೋಷಮಿತಿ ಪ್ರಯೋಗಕ್ಕಷ್ಟೇ ಅಲ್ಲ, ಸಿದ್ಧಾಂತಕ್ಕೂ ಇರುತ್ತದೆ ಎಂಬುದನ್ನು ಎಲೆಕ್ಟ್ರಾನಿನ ಭಾರದ ಬಂಧುವಾದ ಮ್ಯೂವಾನ್ ಕಣ ತೋರಿಸಿಕೊಟ್ಟಿತು. ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ನಡೆದ ಮ್ಯೂವಾನಿನ ಕಾಂತೀಯ ಗುಣದ ಅಳತೆ, ಬ್ರೂಕ್‌ಹೇವನ್ ಪ್ರಯೋಗಾಲಯದ ಹಿಂದಿನ ಅಳತೆಯೊಡನೆ ಸೇರಿಸಿದಾಗ, 2021ರಲ್ಲಿ ನಿರೀಕ್ಷೆಗಿಂತ 4.2 ಸಿಗ್ಮಾ ದೂರವಿತ್ತು. 2025ರ ಜೂನ್‌ನ ಅಂತಿಮ ಫಲಿತಾಂಶದ ನಿಖರತೆ ನೂರು ಕೋಟಿಗೆ 127 ಪಾಲು. ಪ್ರಯೋಗದ ಸಂಖ್ಯೆ ಕದಲಲೇ ಇಲ್ಲ. ಕದಲಿದ್ದು ಸಿದ್ಧಾಂತದ ಸಂಖ್ಯೆ: ಪರಮಾಣು ಬೀಜವನ್ನು ಹಿಡಿದಿಡುವ ಪ್ರಬಲ ಬಲದ ಕೊಡುಗೆಯನ್ನು ಕಂಪ್ಯೂಟರಿನ ಜಾಲರಿಯ ಮೇಲೆ ಹೊಸದಾಗಿ ಲೆಕ್ಕ ಹಾಕಿದಾಗ ಅಂತರವೇ ಮುಚ್ಚಿಹೋಯಿತು. ‘ಹೊಸ ಭೌತಶಾಸ್ತ್ರ’ ಎಂದು ಬರೆಯುವ ಮೊದಲು ನಿರೀಕ್ಷೆಯ ಸಂಖ್ಯೆ ಯಾರ ಲೆಕ್ಕದ್ದು, ಎಷ್ಟು ಗಟ್ಟಿ ಎಂದು ದಯವಿಟ್ಟು ಕೇಳಿ.

ಸರಿಯಾಗಿ ನಡೆದ ಶೋಧ ಹೇಗಿರುತ್ತದೆ ಎಂಬುದಕ್ಕೂ ಮಾದರಿಗಳಿವೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯ ಕಂಡ ಗುರುತ್ವದ ಅಲೆ ಅದರ 4 ಕಿಲೋಮೀಟರ್ ಉದ್ದದ ತೋಳುಗಳನ್ನು ಪ್ರೋಟಾನಿನ ವ್ಯಾಸದ ನೂರಾರು ಪಾಲಿನ ಒಂದು ಪಾಲಿನಷ್ಟು ಮಾತ್ರ ಅಲುಗಿಸಿತು. ಅದನ್ನು ಹೇಗೆ ನಂಬುವುದು? 3,000 ಕಿಲೋಮೀಟರ್ ಅಂತರದ ಎರಡು ಕೇಂದ್ರಗಳಲ್ಲಿ ಒಂದೇ ಆಕಾರದ ಅಲೆ 7 ಮಿಲಿಸೆಕೆಂಡ್ ವ್ಯತ್ಯಾಸದಲ್ಲಿ ಬಂತು. ಬೆಳಕಿನ ವೇಗದ ಅಲೆಗೆ ಆ ದೂರ ದಾಟಲು ಬೇಕಾಗುವುದು ಹೆಚ್ಚೆಂದರೆ 10 ಮಿಲಿಸೆಕೆಂಡ್. ಒಂದು ಕೇಂದ್ರದ ದಾಖಲೆಯನ್ನು ಮತ್ತೊಂದಕ್ಕೆ ಬೇಕೆಂದೇ ಕಾಲ ತಪ್ಪಿಸಿ ಹೊಂದಿಸಿ ನೋಡಿದರು. ಆಕಸ್ಮಿಕವಾಗಿ ಇಂಥ ಜೋಡಿ 2,03,000 ವರ್ಷಗಳಿಗೆ ಒಮ್ಮೆಯೂ ಬಾರದು ಎಂದು ತಿಳಿದದ್ದು ಹಾಗೆ. ತಿಂಗಳುಗಟ್ಟಲೆ ಪರೀಕ್ಷಿಸಿ, 2016ರ ಫೆಬ್ರುವರಿ 11ರಂದು ಪ್ರಬಂಧದ ಜೊತೆಗೇ ಪ್ರಕಟಿಸಿದರು. ಮುಂದೆ 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದ ಅಲೆ ಬಂದ 1.7 ಸೆಕೆಂಡಿಗೆ ಫರ್ಮಿ ಉಪಗ್ರಹ ಗಾಮಾ ಕಿರಣಗಳ ಸ್ಫೋಟ ಕಂಡಿತು. ಲೈಗೋದೊಡನೆ ಯಾವ ತಂತಿಯೂ ಹಂಚಿಕೊಳ್ಳದ ಉಪಕರಣ ಅದು. ಸ್ವತಂತ್ರ ದೃಢೀಕರಣ ಎಂದರೆ ಇದು.

ಪದಾರ್ಥ ವಿಜ್ಞಾನದ ಸುದ್ದಿಗಳಲ್ಲಿ ಕೇಳಬೇಕಾದದ್ದು ಇನ್ನೂ ನಿರ್ದಿಷ್ಟ. 2023ರ ಜುಲೈಯಲ್ಲಿ ಎಲ್‌ಕೆ-99 ಎಂಬ ಸೀಸ-ತಾಮ್ರದ ವಸ್ತು ಕೋಣೆಯ ತಾಪದಲ್ಲೇ ಅತಿವಾಹಕ, ಅಂದರೆ ರೋಧವೇ ಇಲ್ಲದೆ ವಿದ್ಯುತ್ ಹರಿಸುತ್ತದೆ ಎಂದು, ಇನ್ನೂ ವಿಮರ್ಶೆಗೊಳಗಾಗದ ಕರಡು ಪ್ರಬಂಧವೊಂದು ಹೇಳಿತು. ಕಾಂತದ ಮೇಲೆ ಅರ್ಧ ಎದ್ದು ನಿಂತ ಚೂರಿನ ವೀಡಿಯೊ ಲೋಕವೆಲ್ಲ ಸುತ್ತಿತು. ಅತಿವಾಹಕಕ್ಕೆ ಎರಡು ಪರೀಕ್ಷೆಗಳು ಒಟ್ಟಿಗೇ ಬೇಕು: ವಿದ್ಯುತ್ ರೋಧ ಉಪಕರಣದ ಗದ್ದಲದ ಮಟ್ಟಕ್ಕಿಳಿಯಬೇಕು, ವಸ್ತು ತನ್ನೊಳಗಿನ ಕಾಂತಕ್ಷೇತ್ರವನ್ನು ಹೊರದೂಡಬೇಕು. ಒಂದು ಮೂಲೆ ನೆಲ ಬಿಡದೆ ಅರ್ಧ ಏಳುವುದು ಸಾಮಾನ್ಯ ಕಾಂತೀಯ ಕಲ್ಮಶಕ್ಕೂ ಸಾಧ್ಯ. ರೋಧ ಥಟ್ಟನೆ ಬಿದ್ದದ್ದಕ್ಕೆ ಕಾರಣ ತಯಾರಿಕೆಯಲ್ಲೇ ಇತ್ತು. ಲನಾರ್ಕೈಟ್ ಎಂಬ ಸೀಸದ ಸಲ್ಫೇಟ್ ಖನಿಜ ಮತ್ತು ತಾಮ್ರದ ಫಾಸ್ಫೈಡನ್ನು 925 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದಾಗ ಉಳಿದ ಗಂಧಕ ತಾಮ್ರದೊಡನೆ ಕೂಡಿ ಕ್ಯೂಪ್ರಸ್ ಸಲ್ಫೈಡ್ ಆಗುತ್ತದೆ. ಅದರ ಸ್ಫಟಿಕ ರಚನೆ ಸುಮಾರು 104 ಡಿಗ್ರಿಯಲ್ಲಿ ಬದಲಾಗಿ ರೋಧ ಜಿಗಿಯುತ್ತದೆ. ಅತಿವಾಹಕತೆ ಶುರುವಾಗುವ ತಾಪ ಎಂದು ತೋರಿಸಿದ್ದೂ ಅದರ ಆಸುಪಾಸಿನದೇ. ಕಲ್ಮಶವಿಲ್ಲದ ಸ್ಫಟಿಕವನ್ನು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಬೆಳೆಸಿದಾಗ ಅದು ಪಾರದರ್ಶಕ ನೇರಳೆ ಬಣ್ಣದ, ದಶಲಕ್ಷಗಟ್ಟಲೆ ಓಮ್ ರೋಧದ ಅವಾಹಕ.

ಆದ್ದರಿಂದ ಮುಂದಿನ ಸಲ ಇಂಥ ಹೇಳಿಕೆ ಬಂದಾಗ ವೀಡಿಯೊ ಬದಿಗಿಟ್ಟು ಮೂರು ಚಿತ್ರಗಳನ್ನು ಕೇಳಿ ಪಡೆಯಿರಿ. ರೋಧದ ರೇಖಾಚಿತ್ರದ ಲಂಬ ಅಕ್ಷ ಸೊನ್ನೆಯಿಂದ ಶುರುವಾಗಿದೆಯೇ, ಉಪಕರಣದ ಮಿತಿ ಎಷ್ಟು ಎಂದು ನೋಡಿ. ಕಾಂತಕ್ಷೇತ್ರವಿಲ್ಲದೆ ತಣಿಸಿ ಅಳೆದ ಮತ್ತು ಕ್ಷೇತ್ರದಲ್ಲೇ ತಣಿಸಿ ಅಳೆದ ರೇಖೆಗಳು ಎರಡೂ ಇವೆಯೇ ನೋಡಿ. ಎಕ್ಸ್-ಕಿರಣ ವಿವರ್ತನೆಯ ಚಿತ್ರದಲ್ಲಿ ಗುರುತಿಸದೆ ಬಿಟ್ಟ ಶಿಖರಗಳಿದ್ದರೆ ಅವು ಕಲ್ಮಶದವು. ಹಿನ್ನೆಲೆ ಸಂಕೇತವನ್ನು ಹೇಗೆ ಕಳೆದಿದ್ದಾರೆ ಎಂಬ ಪ್ರಶ್ನೆಯನ್ನಂತೂ ಮರೆಯಲೇಬೇಡಿ. 15 ಡಿಗ್ರಿಯಲ್ಲಿ ಅತಿವಾಹಕತೆ ಎಂದು 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪ್ರಬಂಧವನ್ನು 2022ರಲ್ಲಿ ಹಿಂಪಡೆದದ್ದು ಆ ಕಳೆಯುವ ವಿಧಾನದ ಕಾರಣಕ್ಕೇ. ಹೀಗೆಂದು ಇಡೀ ಕ್ಷೇತ್ರವೇ ಪೊಳ್ಳಲ್ಲ. 2015ರಲ್ಲಿ ಹೈಡ್ರೋಜನ್ ಸಲ್ಫೈಡ್ ಸುಮಾರು 150 ಗಿಗಾಪಾಸ್ಕಲ್ ಒತ್ತಡದಲ್ಲಿ 203 ಕೆಲ್ವಿನ್ ತಾಪದವರೆಗೆ ಅತಿವಾಹಕವಾಗುತ್ತದೆ ಎಂದು ಕಂಡದ್ದು ಬೇರೆ ತಂಡಗಳ ಕೈಯಲ್ಲೂ ನಿಂತಿದೆ.

ಶಕ್ತಿಯ ಸುದ್ದಿಯಲ್ಲಿ ಲೆಕ್ಕದ ಗಡಿ ಎಲ್ಲಿ ಎಳೆದಿದ್ದಾರೆ ಎಂಬುದಷ್ಟೇ ಮುಖ್ಯ. 2022ರ ಡಿಸೆಂಬರ್ 5ರಂದು ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 192 ಲೇಸರ್ ಕಿರಣಗಳ 2.05 ಮೆಗಾಜೂಲ್ ಗುರಿ ಮುಟ್ಟಿ 3.15 ಮೆಗಾಜೂಲ್ ಪರಮಾಣು ಬೀಜಗಳ ಸಮ್ಮಿಲನದ ಶಕ್ತಿ ಹೊರಬಂತು. ಲೇಸರ್‌ಗಳನ್ನು ಉರಿಸಲು ವಿದ್ಯುತ್ ಜಾಲದಿಂದ ಎಳೆದದ್ದು ಸುಮಾರು 300 ಮೆಗಾಜೂಲ್. ಮೂರು ಸಂಖ್ಯೆಗಳನ್ನೂ ಒಂದೇ ವಾಕ್ಯದಲ್ಲಿ ಬರೆಯಿರಿ, ಸಾಕು. ಸಾಧನೆಯ ಹಿರಿಮೆ ಇದರಿಂದ ಕುಂದುವುದಿಲ್ಲ.

ಅತಿ ದೂರದ ಗೆಲಾಕ್ಸಿ ಎಂಬ ಸುದ್ದಿ ಬಂದಾಗ ಒಂದೇ ಪ್ರಶ್ನೆ ಕೇಳಿ: ದೂರ ಗೊತ್ತಾದದ್ದು ಬಣ್ಣದ ಸೋಸುಕಗಳಿಂದಲೋ, ರೋಹಿತದಿಂದಲೋ? ಸಿಯರ್ಸ್-93316 ಎಂಬ ಗೆಲಾಕ್ಸಿಯ ಕೆಂಪು ಪಲ್ಲಟ (ವಿಶ್ವ ಹಿಗ್ಗುವುದರಿಂದ ಬೆಳಕು ಕೆಂಪಿನತ್ತ ಸರಿಯುವ ಪ್ರಮಾಣ, ಹೆಚ್ಚಿದಷ್ಟೂ ದೂರ ಹೆಚ್ಚು) ಸೋಸುಕಗಳ ಲೆಕ್ಕದಲ್ಲಿ ಸುಮಾರು 16.4 ಬಂದಿತ್ತು. ಹಾಗಾದರೆ ಅದು ಮಹಾಸ್ಫೋಟವಾಗಿ 25 ಕೋಟಿ ವರ್ಷವೂ ತುಂಬದ ಕಾಲದ್ದು. ರೋಹಿತ ತೆಗೆದಾಗ ಸಿಕ್ಕಿದ್ದು 4.9, ಅಂದರೆ ಸುಮಾರು 120 ಕೋಟಿ ವರ್ಷಗಳ ನಂತರದ್ದು. ಧೂಳಿನ ಕೆಂಪೂ ಆಮ್ಲಜನಕ, ಜಲಜನಕಗಳ ಪ್ರಖರ ರೇಖೆಗಳೂ ಕೆಲವು ಸೋಸುಕಗಳಲ್ಲಿ ಬೆಳಕು ಹೆಚ್ಚಿಸಿ ದೂರದ ಗೆಲಾಕ್ಸಿಯ ವೇಷ ಕಟ್ಟಿದ್ದವು. ಇದಕ್ಕೆ ವಿರುದ್ಧವಾಗಿ ಜೇಡ್ಸ್-ಜಿಎಸ್-ಝಡ್14-0 ನಿಂತಿತು. ಅದರ 14.32 ಎಂಬ ಮೊದಲ ಅಳತೆಯನ್ನು ಆಲ್ಮಾ ದೂರದರ್ಶಕ ಸಮೂಹ ಆಮ್ಲಜನಕದ ರೇಖೆಯಿಂದ 14.18ಕ್ಕೆ ತಿದ್ದಿತು. ಇಷ್ಟು ಸಣ್ಣ ತಿದ್ದುಪಡಿ ಆರೋಗ್ಯದ ಲಕ್ಷಣ.

ಸಾಧ್ಯತೆಯ ಸಂಖ್ಯೆ ಏರಿದರೆ ಅಪಾಯ ಏರಿತು ಎಂದು ಬರೆಯುವುದೂ ಸಲ್ಲದು. 2024 ವೈಆರ್4 ಕ್ಷುದ್ರಗ್ರಹ 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ 2025ರ ಫೆಬ್ರುವರಿ ಮಧ್ಯದಲ್ಲಿ ಶೇ 3.1ಕ್ಕೇರಿ, ಕೆಲವೇ ದಿನಗಳಲ್ಲಿ ಸೊನ್ನೆಯ ಹತ್ತಿರ ಬಿತ್ತು. ಹೊಸ ವೀಕ್ಷಣೆ ಬಂದಂತೆ ಕ್ಷುದ್ರಗ್ರಹ ಇರಬಹುದಾದ ಪ್ರದೇಶ ಕಿರಿದಾಗುತ್ತದೆ. ಆ ಕಿರಿದಾದ ಪ್ರದೇಶದೊಳಗೆ ಭೂಮಿ ಇನ್ನೂ ಇರುವವರೆಗೆ ಅದರ ಪಾಲು ಹೆಚ್ಚುತ್ತಲೇ ಹೋಗುತ್ತದೆ, ಗಡಿ ಭೂಮಿಯನ್ನು ದಾಟಿದ ಕೂಡಲೇ ಕುಸಿಯುತ್ತದೆ. ಈ ಎರಡು ವಾಕ್ಯ ಮೊದಲ ದಿನವೇ ಬಂದಿದ್ದರೆ ಎಷ್ಟೋ ಜನರ ಆತಂಕ ತಪ್ಪುತ್ತಿತ್ತು.

ಜೀವವಿಜ್ಞಾನದಲ್ಲಿ ದೋಷಮಿತಿ ಅನೇಕ ಸಲ ಚಿತ್ರದೊಳಗೇ ಅಡಗಿರುತ್ತದೆ. ಪ್ರೊಟೀನ್ ರಚನೆಯನ್ನು ಮುನ್ನುಡಿಯುವ ಆಲ್ಫಾಫೋಲ್ಡ್‌ಗಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದರು. ಅದರ ಸಂಗ್ರಹದಲ್ಲಿ 20 ಕೋಟಿಗೂ ಹೆಚ್ಚು ರಚನೆಗಳಿವೆ. ಪ್ರತಿ ಅಮೈನೋ ಆಮ್ಲದ ಜಾಗಕ್ಕೂ 0ಯಿಂದ 100ರವರೆಗೆ ಒಂದು ಭರವಸೆಯ ಅಂಕ ಇರುತ್ತದೆ. 90ರ ಮೇಲಿದ್ದರೆ ಗಾಢ ನೀಲಿ, 50ಕ್ಕಿಂತ ಕೆಳಗಿದ್ದರೆ ಕಿತ್ತಳೆ. ಕಿತ್ತಳೆ ಎಳೆಯಾಗಿ ಸುತ್ತಿಕೊಂಡಿರುವ ಭಾಗ ನಿಜದಲ್ಲಿ ಆ ಆಕಾರದಲ್ಲಿಲ್ಲ, ಬಹುಪಾಲು ಅದಕ್ಕೆ ಸ್ಥಿರ ಆಕಾರವೇ ಇರುವುದಿಲ್ಲ. ಪುಟದ ಅಂದಕ್ಕಾಗಿ ಆ ಬಣ್ಣಗಳನ್ನು ದಯವಿಟ್ಟು ಬದಲಿಸಬೇಡಿ.

ಗದ್ದಲವಿಲ್ಲದೆ ಬಂದ ಶೋಧಗಳಿಗೂ ಜಾಗ ಕೊಡಿ ಎಂಬುದು ನಮ್ಮ ಆಸೆ. 1998ರಲ್ಲಿ ಜೊನಾಥನ್ ಝೆರ್ ತಂಡ ಪೆಸಿಫಿಕ್ ಸಾಗರದ ನೀರಿನಲ್ಲಿ ಸಾರಜನಕ ಸ್ಥಿರೀಕರಿಸುವ ಅಪರಿಚಿತ ಜೀವಿಯ ಡಿಎನ್ಎ ತುಣುಕು ಕಂಡಿತು. ಅದಕ್ಕೆ ಆಶ್ರಯ ಕೊಟ್ಟ ಪಾಚಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಕ್ಯೋಕೊ ಹಗಿನೊ ದಶಕಕ್ಕೂ ಹೆಚ್ಚು ಕಾಲ ದುಡಿದರು. 2024ರ ಏಪ್ರಿಲ್‌ನಲ್ಲಿ ಗೊತ್ತಾಯಿತು, ಅದು ಪಾಚಿಯೊಳಗಿನ ಅತಿಥಿಯಲ್ಲ, ಅದರ ಒಂದು ಅಂಗಕವೇ, ಅಂದರೆ ಜೀವಕೋಶದೊಳಗೆ ಕೆಲಸ ಮಾಡುವ ಅದರದೇ ಭಾಗವೇ ಆಗಿದೆ. ಎರಡು ಸಾಕ್ಷಿಗಳು ಅದನ್ನು ನಿಲ್ಲಿಸಿದವು: ಎಕ್ಸ್-ಕಿರಣ ಚಿತ್ರಗಳಲ್ಲಿ ಅದು ಜೀವಕೋಶದ ಜೊತೆ ಹೊಂದಿಕೊಂಡು ವಿಭಜನೆಯಾಗುತ್ತದೆ, ಮತ್ತು ಅದಕ್ಕೆ ಬೇಕಾದ ಪ್ರೊಟೀನುಗಳಲ್ಲಿ ಗಣನೀಯ ಭಾಗವನ್ನು ಪಾಚಿಯೇ ತಯಾರಿಸಿ ಕಳಿಸುತ್ತದೆ.

ಬೆನ್ನು ಕ್ಷುದ್ರಗ್ರಹದ ಮಾದರಿಯ ಫಲಿತಾಂಶವೂ ಅಂಥದ್ದೇ. 2023ರ ಸೆಪ್ಟೆಂಬರ್ 24ರಂದು ಭೂಮಿಗಿಳಿದ 121.6 ಗ್ರಾಂ ಧೂಳು, ಕಲ್ಲುಗಳಲ್ಲಿ ಜೀವಿಗಳು ಬಳಸುವ 20 ಅಮೈನೋ ಆಮ್ಲಗಳ ಪೈಕಿ 14, ಜೊತೆಗೆ ಡಿಎನ್ಎ, ಆರ್‌ಎನ್ಎಗಳ ಐದೂ ಪ್ರತ್ಯಾಮ್ಲಗಳು ಸಿಕ್ಕವೆಂದು 2025ರ ಜನವರಿಯಲ್ಲಿ ವರದಿಯಾಯಿತು. ಆದರೆ ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಸುದ್ದಿಗಳಲ್ಲಿ ಕಡೆಗಣಿತವಾದ ಇನ್ನೊಂದು ಸಾಲು: ಆ ಅಮೈನೋ ಆಮ್ಲಗಳ, ಕನ್ನಡಿ ಬಿಂಬಗಳಂತಿರುವ ಎಡ ಮತ್ತು ಬಲ ರೂಪಗಳು ಸುಮಾರು ಸಮಸಮ ಇದ್ದವು. ಭೂಮಿಯ ಜೀವಿಗಳ ಪ್ರೊಟೀನುಗಳು ಎಡ ರೂಪವನ್ನೇ ಬಳಸುತ್ತವೆ. ಆ ಒಲವು ಅಂತರಿಕ್ಷದಿಂದಲೇ ಬಂತೆಂಬ ಊಹೆಗೆ ಇದು ಪೆಟ್ಟು. ಮಾದರಿ ಭೂಮಿಯ ಗಾಳಿಗೆ ಕಲುಷಿತವಾಗಿಲ್ಲ ಎಂಬುದಕ್ಕೆ ಈ ಸಮತೋಲವೂ ಒಂದು ಸಾಕ್ಷಿ.

ಹಿಂಪಡೆದ, ತಿದ್ದಿದ, ವಿವಾದದಲ್ಲಿರುವ ಶೋಧಗಳ ವಿಷಯದಲ್ಲಿ ನಮ್ಮ ಕೋರಿಕೆ ಇನ್ನೂ ಗಟ್ಟಿಯಾದದ್ದು. ರಂಜಕದ ಬದಲು ಆರ್ಸೆನಿಕ್ ಬಳಸಿ ಬೆಳೆಯುವ ಬ್ಯಾಕ್ಟೀರಿಯಾ ಎಂದು 2010ರ ಡಿಸೆಂಬರಿನಲ್ಲಿ ಸೈನ್ಸ್ ಪತ್ರಿಕೆ ಪ್ರಕಟಿಸಿದ ಪ್ರಬಂಧಕ್ಕೆ 2012ರಲ್ಲೇ ಎರಡು ತಂಡಗಳು ಉತ್ತರ ಕೊಟ್ಟವು: ಬೆಳೆಸಿದ ದ್ರಾವಣದಲ್ಲಿ ಉಳಿದ ರಂಜಕದ ಅಲ್ಪಾಂಶವೇ ಅದಕ್ಕೆ ಸಾಕಾಗಿತ್ತು. ಪತ್ರಿಕೆ ಪ್ರಬಂಧವನ್ನು ಹಿಂಪಡೆದದ್ದು 2025ರ ಜುಲೈಯಲ್ಲಿ. ನಿಮ್ಮ ಸಂಗ್ರಹದಲ್ಲಿರುವ 2010ರ ಸುದ್ದಿಯ ಮೇಲೆ ಈಗಲಾದರೂ ದಿನಾಂಕ ಸಹಿತ ಒಂದು ಟಿಪ್ಪಣಿ ಹಾಕಿ. ಹುಡುಕುವ ವಿದ್ಯಾರ್ಥಿಗೆ ಮೊದಲು ಸಿಗುವುದು ಆ ಹಳೆಯ ಸುದ್ದಿಯೇ. ಸಾಗರದ 4,000 ಮೀಟರ್ ಆಳದ ಲೋಹದ ಗಂಟುಗಳು ಕತ್ತಲಲ್ಲೇ ಆಮ್ಲಜನಕ ಹುಟ್ಟಿಸುತ್ತವೆ ಎಂಬ 2024ರ ವರದಿಗೂ ಹೀಗೆಯೇ ಟಿಪ್ಪಣಿ ಬೇಕು. ಗಂಟುಗಳ ಮೇಲೆ ಅಳೆದ ವೋಲ್ಟೇಜು ಹೆಚ್ಚೆಂದರೆ 0.95, ಕಡಲನೀರನ್ನು ಒಡೆಯಲು ಬೇಕಾದದ್ದು ಸುಮಾರು 1.5. ಅಳತೆಯ ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳೇ ಕಾರಣವಿರಬಹುದೆಂಬ ಆಕ್ಷೇಪವೂ ಇದೆ.

ಕೊನೆಗೆ, ಪ್ರತಿ ಸುದ್ದಿಮನೆಯೂ ಒಂದು ದಾಖಲೆ ಪುಸ್ತಕ ಇಡಲಿ. ಒಂದು ಶೋಧಕ್ಕೆ ಒಂದು ಸಾಲು: ಹೇಳಿಕೆ, ದಿನಾಂಕ, ಬಲ, ಸಹವಿಜ್ಞಾನಿಗಳ ವಿಮರ್ಶೆ ಆಗಿದೆಯೇ, ಅದನ್ನು ಉರುಳಿಸಬಲ್ಲ ಪರೀಕ್ಷೆ ಯಾವುದು. ಸಂಸ್ಥೆಗಳ ಪ್ರಕಟಣಾ ವಿಭಾಗದವರು ಈ ಸಾಲನ್ನು ತಾವೇ ತುಂಬಿ ಪ್ರಕಟಣೆಯ ಮೊದಲ ಪುಟದಲ್ಲೇ ಕೊಡಲಿ. ಮೊದಲ ಸಾಲು ಹೀಗಿರಬಹುದು. ಹೇಳಿಕೆ: ವಿಶ್ವದ ಹಿಗ್ಗುವಿಕೆಯನ್ನು ವೇಗಗೊಳಿಸುವ ಕರಾಳ ಶಕ್ತಿ ಕಾಲದೊಂದಿಗೆ ಬದಲಾಗುತ್ತಿದೆ. ಮೂಲ: ಸುಮಾರು 1.5 ಕೋಟಿ ಗೆಲಾಕ್ಸಿ, ಕ್ವೇಸಾರ್‌ಗಳ ದೂರ ಅಳೆದ ಡೆಸಿ ಸಮೀಕ್ಷೆ, 2025ರ ಮಾರ್ಚ್. ಬಲ: ಯಾವ ಸೂಪರ್‌ನೋವಾ ಸಂಗ್ರಹದೊಡನೆ ಸೇರಿಸುತ್ತೇವೆ ಎಂಬುದಕ್ಕೆ ತಕ್ಕಂತೆ 2.8ರಿಂದ 4.2 ಸಿಗ್ಮಾ. ಉರುಳಿಸಬಲ್ಲ ಪರೀಕ್ಷೆ: ಹತ್ತಿರದ ಮತ್ತು ದೂರದ ಸೂಪರ್‌ನೋವಾಗಳ ಹೊಳಪನ್ನು ಬೇರೆ ಬೇರೆ ದೂರದರ್ಶಕಗಳು ಅಳೆದಿವೆ, ಅವುಗಳನ್ನು ಒಂದೇ ಅಳತೆಗೋಲಿಗೆ ತಂದು ಮತ್ತೆ ಲೆಕ್ಕ ಹಾಕುವುದು, ಮತ್ತು ಡೆಸಿಯ ಪೂರ್ಣ ಸಮೀಕ್ಷೆಯ ಮಾಹಿತಿ.

ಇಂತಿ,
ವಿಜ್ಞಾನ ಸುದ್ದಿಯನ್ನು ಅದರ ದೋಷಮಿತಿಯ ಸಮೇತ ಓದಬಯಸುವವರು